ವೆಬ್‌ಕ್ಯಾಮ್ ತಗೋಬೇಕೋ ಬ್ಯಾಡೋ?

“ಮನ್ಯಾಗ ಕಂಪ್ಯೂಟರ್ ಐತ್ರಿ, ಅದಕ್ಕೊಂದು ವೆಬ್‌ಕ್ಯಾಮ್ ತಗೋಬೇಕೋ ಬ್ಯಾಡೋ?” ಹುಬ್ಬಳ್ಳಿ-ಧಾರವಾಡದಲ್ಲಿ ಕಂಪ್ಯೂಟರ್ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸ್ ನಡೆಸುವವರು ಕೇಳುತ್ತಾರೆ. ಹಾವೇರಿ, ಗದಗದಲ್ಲಿ ಕೂತು ಧಾರವಾಡದ ಹೈಕೋರ್ಟ್ ಪೀಠದ ಮುಂದೆ ವಿಡಿಯೊದಲ್ಲಿ ಹಾಜರಾಗುವ ವಕೀಲರು ಕೇಳುತ್ತಾರೆ. ಆನ್‌ಲೈನ್ ಸಂದರ್ಶನಕ್ಕೆ ತಯಾರಾಗುವ ಹುಡುಗರು, ದೂರದ ಶಿಷ್ಯರಿಗೆ ಹಾಡು ಹೇಳಿಕೊಡುವ ಗವಾಯಿಗಳೂ ಕೇಳುತ್ತಾರೆ.

ವಾರಕ್ಕೆ ಮೂರು-ನಾಲ್ಕು ತಾಸಾದರೂ ಒಂದೇ ಜಾಗದಲ್ಲಿ ಕೂತು ಮುಖ ತೋರಿಸಿ ಮಾತಾಡುವ ಕೆಲಸ ಇದ್ದರೆ ತಗೊಳ್ಳಿ. ಪುಣೆಯಲ್ಲಿರುವ ಮಗಳ ಜೊತೆ ಭಾನುವಾರ ಹತ್ತು ನಿಮಿಷ ಮಾತಾಡುವುದಕ್ಕಾದರೆ ಬೇಡ, ಕೈಯಲ್ಲಿರುವ ಫೋನೇ ಸಾಕು. ಎರಡೂ ಅಲ್ಲದ ನಡುವಿನವರು ಮೊದಲು ಒಂದು ಬಲ್ಬಿಗೂ ಒಂದು ವೈರಿನ ಇಯರ್‌ಫೋನಿಗೂ ದುಡ್ಡು ಹಾಕಿ, ಆಮೇಲೆ ಕ್ಯಾಮೆರಾ ವಿಚಾರ ಮಾಡಿ. ಬಲ್ಬು ಮೊದಲು ಯಾಕೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ವೆಬ್‌ಕ್ಯಾಮಿನ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಒಂದು ಕಡಲೆಬೇಳೆಯಷ್ಟೂ ಇರುವುದಿಲ್ಲ. ಖೋಲಿಯಲ್ಲಿ ಬೆಳಕು ಕಡಿಮೆಯಾದರೆ ಅದು ಎರಡು ಉಪಾಯ ಮಾಡುತ್ತದೆ. ಒಂದು, ಬಂದಷ್ಟು ಬೆಳಕನ್ನೇ ಹಿಗ್ಗಿಸಿ ತೋರಿಸುವುದು. ಆಗ ಮುಖದ ಮೇಲೆ ಮರಳು ಚೆಲ್ಲಿದ ಹಾಗೆ ಚುಕ್ಕಿಗಳು ಏಳುತ್ತವೆ. ಎರಡು, ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿಡುವುದು. ಆಗ ಸೆಕೆಂಡಿಗೆ 30 ಬರಬೇಕಾದ ಚಿತ್ರ 15ಕ್ಕೆ ಇಳಿದು, ಕೈ ಎತ್ತಿದರೆ ಕೈ ಬದಲು ಒಂದು ಗೆರೆ ಕಾಣುತ್ತದೆ. “ನೆಟ್ ಸ್ಲೋ ಐತಿ” ಎಂದು ಜನ ಬೈಯುವ ಎಷ್ಟೋ ಸಲ ಖರೇ ಕಾರಣ ಈ ಬೆಳಕು. ಧಾರವಾಡದ ಹಳೇ ಹಂಚಿನ ಮನೆಗಳ ಸಣ್ಣ ಕಿಡಕಿಯ ಖೋಲಿಗಳಲ್ಲಿ ಮಳೆಗಾಲದ ಮಧ್ಯಾಹ್ನವೂ ಹೀಗೇ ಆಗುತ್ತದೆ.

ಹಗಲಲ್ಲಾದರೆ ಟೇಬಲ್ ತಿರುಗಿಸಿ ಹಾಕಿ. ಕಿಡಕಿ ನಿಮ್ಮ ಮುಂದೆ ಅಥವಾ ಓರೆಯಾಗಿ ಮುಂದೆ ಇರಬೇಕು, ಬೆನ್ನ ಹಿಂದೆ ಇರಬಾರದು. ಬೆನ್ನ ಹಿಂದಿದ್ದರೆ ಕ್ಯಾಮೆರಾ ಆ ಬಿಸಿಲಿಗೆ ತನ್ನನ್ನು ಹೊಂದಿಸಿಕೊಂಡು ನಿಮ್ಮನ್ನು ಕರೀ ನೆರಳು ಮಾಡಿಬಿಡುತ್ತದೆ. ರಾತ್ರಿಯಾದರೆ 9 ಅಥವಾ 12 ವಾಟಿನ ಒಂದು ಎಲ್‌ಇಡಿ ಬಲ್ಬನ್ನು ಮಾನಿಟರಿನ ಹಿಂದೆ ಇಟ್ಟು, ಎದುರಿನ ಬಿಳಿ ಗೋಡೆಗೆ ಬೆಳಕು ಬಡಿದು ನಿಮ್ಮ ಮುಖಕ್ಕೆ ಬರುವ ಹಾಗೆ ಮಾಡಿ. ನೇರ ಬಲ್ಬಿಗಿಂತ ಇದು ಮೆತ್ತಗಿರುತ್ತದೆ, ಚಾಳೀಸಿನಲ್ಲಿ ಬಲ್ಬು ಮಿಂಚುವುದೂ ಕಡಿಮೆ. ಗೋಡೆಗೆ ಗಿಳಿಹಸಿರು ಬಣ್ಣ ಬಳಿಸಿದ್ದರೆ ಮುಖವೂ ಹಸಿರು ಹೊಡೆಯುತ್ತದೆ. ಒಂದು ಬಿಳಿ ಡ್ರಾಯಿಂಗ್ ಶೀಟ್ ಅಂಟಿಸಿದರೆ ಆಯಿತು.

ಇನ್ನೊಂದು ದೂರು: ಹೊಸ ಕ್ಯಾಮೆರಾ ಹಚ್ಚಿದ ದಿನವೇ ಚಿತ್ರದ ಮೇಲೆ ಅಡ್ಡಡ್ಡ ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತವೆ, ಅಂಗಡಿಯವರು ಕೆಟ್ಟದ್ದು ಕೊಟ್ಟರು ಅಂತ. ಕೆಟ್ಟಿರುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಮತ್ತು ಸೋವಿ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್. ಕೆಲವು ಕ್ಯಾಮೆರಾಗಳು ಆ ಲೆಕ್ಕದಲ್ಲೇ ಕಣ್ಣು ತೆರೆದು ಮುಚ್ಚುತ್ತಿರುತ್ತವೆ. ಎರಡರ ತಾಳ ಕೂಡದಿದ್ದಾಗ ಪಟ್ಟಿ ಕಾಣುತ್ತದೆ. ಕ್ಯಾಮೆರಾ ಜೊತೆಗೆ ಬರುವ ಸಾಫ್ಟ್‌ವೇರಿನಲ್ಲಿ ‘ಪವರ್‌ಲೈನ್ ಫ್ರೀಕ್ವೆನ್ಸಿ’ ಅಥವಾ ‘ಆ್ಯಂಟಿ ಫ್ಲಿಕರ್’ ಎಂಬಲ್ಲಿ 50 ಆರಿಸಿ. ಅಂಥ ಸಾಫ್ಟ್‌ವೇರ್ ಇಲ್ಲದಿದ್ದರೆ ಪುಕ್ಕಟೆ ಸಿಗುವ ಓಬಿಎಸ್ ಎಂಬ ವಿಡಿಯೊ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಂಡು, ಅದರಲ್ಲಿ ಕ್ಯಾಮೆರಾ ಸೇರಿಸಿ ‘ಕಾನ್ಫಿಗರ್ ವಿಡಿಯೊ’ ಒತ್ತಿದರೆ ಸಾಮಾನ್ಯವಾಗಿ ಅದೇ ಆಯ್ಕೆ ಸಿಗುತ್ತದೆ.

ಈಗ ಕೊಳ್ಳುವ ವಿಷಯ. ಡಬ್ಬಿಯ ಮೇಲಿನ ಮೆಗಾಪಿಕ್ಸೆಲ್ (ಚಿತ್ರದಲ್ಲಿ ಎಷ್ಟು ಹತ್ತು ಲಕ್ಷ ಚುಕ್ಕಿ ಎಂಬ ಲೆಕ್ಕ) ನಂಬಬೇಡಿ. ಹೆಸರಿಲ್ಲದ ಸೋವಿ ಕ್ಯಾಮೆರಾಗಳ ಮೇಲೆ 30 ಮೆಗಾಪಿಕ್ಸೆಲ್, 4ಕೆ ಎಂದೆಲ್ಲ ಅಚ್ಚು ಹಾಕಿರುತ್ತಾರೆ. ಒಳಗೆ 640 ಅಡ್ಡ 480 ಚುಕ್ಕಿಗಳ, ಅಂದರೆ 0.3 ಮೆಗಾಪಿಕ್ಸೆಲಿನ ಹಳೇ ಸೆನ್ಸರ್ ಇರಬಹುದು. ಇಲ್ಲದ ಚುಕ್ಕಿಗಳನ್ನು ಸಾಫ್ಟ್‌ವೇರ್ ಊಹಿಸಿ ತುಂಬುತ್ತದೆ. ಖರೇ 720 ಸಾಲಿನ ಕ್ಯಾಮೆರಾ ಅಂದರೆ 1,280 ಅಡ್ಡ 720, ಹೆಚ್ಚು ಕಡಿಮೆ 0.9 ಮೆಗಾಪಿಕ್ಸೆಲ್. ಖರೇ 1080 ಅಂದರೆ 1,920 ಅಡ್ಡ 1,080, ಸುಮಾರು 2 ಮೆಗಾಪಿಕ್ಸೆಲ್. ವಿಡಿಯೊ ಕರೆಗೆ ಇದಕ್ಕಿಂತ ಹೆಚ್ಚು ಬೇಕಾಗುವುದೇ ಇಲ್ಲ.

ಅಂಗಡಿಯಲ್ಲೇ ಪರೀಕ್ಷೆ ಮಾಡಲು ಅವತ್ತಿನ ಕನ್ನಡ ಪೇಪರ್ ಒಂದಿದ್ದರೆ ಸಾಕು. ಕ್ಯಾಮೆರಾದಿಂದ 2 ಅಡಿ ದೂರದಲ್ಲಿ ಅದನ್ನು ಬಿಚ್ಚಿ ಹಿಡಿಯಿರಿ, ವಿಂಡೋಸಿನ ಕ್ಯಾಮೆರಾ ಆ್ಯಪಿನಲ್ಲಿ ಹತ್ತು ಸೆಕೆಂಡ್ ವಿಡಿಯೊ ಮಾಡಿ, ಪೂರ್ತಿ ಪರದೆಯಲ್ಲಿ ಹೊಳ್ಳಿ ನೋಡಿ. ಅಷ್ಟು ದೂರದಲ್ಲಿ ಸಾಮಾನ್ಯ ವೆಬ್‌ಕ್ಯಾಮ್ ಸುಮಾರು 70 ಸೆಂಟಿಮೀಟರ್ ಅಗಲದ ಜಾಗ ಕಾಣುತ್ತದೆ. 640 ಚುಕ್ಕಿಗಳನ್ನು ಅದರ ಮೇಲೆ ಹರಡಿದರೆ ಸೆಂಟಿಮೀಟರಿಗೆ 9 ಚುಕ್ಕಿ. 1,920 ಹರಡಿದರೆ 27. ಅರ್ಧ ಸೆಂಟಿಮೀಟರ್ ಎತ್ತರದ ಉಪಶೀರ್ಷಿಕೆಯ ಅಕ್ಷರ ನೋಡಿ: ಮೊದಲನೆಯದರಲ್ಲಿ ಅದಕ್ಕೆ ನಾಲ್ಕೈದು ಚುಕ್ಕಿ ಮಾತ್ರ ಸಿಗುತ್ತವೆ, ಒತ್ತಕ್ಷರಗಳೆಲ್ಲ ಮಸಿ ಬಿದ್ದ ಹಾಗೆ ಮುದ್ದೆಯಾಗುತ್ತವೆ. 720ರಲ್ಲಿ ಓದಲು ಬರುತ್ತದೆ. 1080ರಲ್ಲಿ ‘ತ’ಕ್ಕೆ ‘ತ’ ಒತ್ತು ಬಿಡಿಯಾಗಿ ಕಾಣುತ್ತದೆ. ಯಾವ ಡಬ್ಬಿಯ ಬರಹಕ್ಕಿಂತಲೂ ಇದು ಗಟ್ಟಿ ಸಾಕ್ಷಿ.

ಅದೇ ಪೇಪರನ್ನು ನಿಧಾನವಾಗಿ ಹತ್ತಿರ ತನ್ನಿ. ಫಿಕ್ಸೆಡ್ ಫೋಕಸ್ ಕ್ಯಾಮೆರಾ, ಅಂದರೆ ಲೆನ್ಸ್ ಒಂದೇ ದೂರಕ್ಕೆ ಹೊಂದಿಸಿಟ್ಟದ್ದು, ಆದರೆ ಒಂದೂವರೆ ಅಡಿಗಿಂತ ಹತ್ತಿರ ಬಂದಂತೆ ಅಕ್ಷರ ಮಂಜಾಗುತ್ತದೆ. ಮುಖ ತೋರಿಸಲು ಅದು ಏನೂ ತೊಂದರೆ ಮಾಡದು, ಇನ್ನೂ ಒಳ್ಳೆಯದೇ. ನೀವು ಅಲ್ಲಾಡಿದಾಗೆಲ್ಲ ಫೋಕಸ್ ಹುಡುಕುತ್ತ ಚಿತ್ರ ಉಸಿರಾಡುವುದಿಲ್ಲ. ಆದರೆ ದಾಖಲೆ, ಪುಸ್ತಕ, ಗಣಿತದ ಹಾಳೆ ತೋರಿಸುವವರಿಗೆ ದೂರಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಆಟೊಫೋಕಸ್ ಇರುವುದೇ ಬೇಕು. ಲಾಜಿಟೆಕ್ ಸಿ270 ಮೊದಲ ಜಾತಿಯದು, 720 ಸಾಲು. ಅದೇ ಕಂಪನಿಯ ಸಿ920 ಎರಡನೆಯದು, 1080 ಸಾಲು, ಬೆಲೆಯೂ ಸಿ270ರ ಮೂರು-ನಾಲ್ಕು ಪಟ್ಟು. ಪಾಠ ಹೇಳುವವರು ಇನ್ನೊಂದು ಗಾಬರಿ ಬೀಳುತ್ತಾರೆ: ಬೋರ್ಡಿನ ಅಕ್ಷರ ತಮಗೆ ತಿರುವುಮುರುವಾಗಿ ಕಾಣುತ್ತದೆ ಎಂದು. ಅದು ನಿಮ್ಮ ಪರದೆಯಲ್ಲಿ ಮಾತ್ರ, ಕನ್ನಡಿಯ ಹಾಗೆ. ಮಕ್ಕಳಿಗೆ ಸರಿಯಾಗೇ ಕಾಣುತ್ತಿರುತ್ತದೆ.

ಜೋಡಿಸುವುದು ಸುಲಭ. ಈಗಿನ ವೆಬ್‌ಕ್ಯಾಮ್‌ಗಳಿಗೆ ಡ್ರೈವರ್ ಸಿಡಿ ಬೇಕಿಲ್ಲ, ಯುಎಸ್‌ಬಿಗೆ ಸಿಕ್ಕಿಸಿದರೆ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರೂ ಗುರುತು ಹಿಡಿಯುತ್ತವೆ. ಹಿಡಿಯದಿದ್ದರೆ ಸಿಪಿಯು ಡಬ್ಬಿಯ ಮುಂದಿನ ತೂತು ಬಿಟ್ಟು ಹಿಂದಿನದಕ್ಕೆ, ನೇರ ಮದರ್‌ಬೋರ್ಡಿನದಕ್ಕೆ ಸಿಕ್ಕಿಸಿ ನೋಡಿ. ಮುಂದಿನ ತೂತಿನ ಒಳವೈರು ಸಡಿಲಾಗಿರುವುದು ಸಾಮಾನ್ಯ. ಒಂದು ತೂತನ್ನು ನಾಲ್ಕಾರು ಮಾಡಿಕೊಡುವ ಯುಎಸ್‌ಬಿ ಹಬ್‌ನಲ್ಲಿ ಪೆನ್‌ಡ್ರೈವ್, ಪ್ರಿಂಟರ್ ಜೊತೆ ಸೇರಿಸಬೇಡಿ, ಯುಎಸ್‌ಬಿ 2.0ರ ವೇಗ ಒಟ್ಟು 480 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್), ಅದನ್ನೇ ಎಲ್ಲರೂ ಹಂಚಿಕೊಳ್ಳಬೇಕು, ವಿಡಿಯೊ ನಿಂತು ನಿಂತು ಬರುತ್ತದೆ. ಸಾದಾ ಎಕ್ಸ್‌ಟೆನ್ಶನ್ ಸೇರಿ ವೈರು 5 ಮೀಟರ್ ದಾಟಬಾರದು.

ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿ, ಎರಡು ಅಡಿ ದೂರದಲ್ಲಿ ಇರಲಿ. ಲೆನ್ಸಿನ ಧೂಳನ್ನು ಮೊದಲು ಊದುವ ರಬ್ಬರ್ ಬಲ್ಬಿನಿಂದ ಹಾರಿಸಿ, ಆಮೇಲೆ ಚಾಳೀಸು ಒರೆಸುವ ಬಟ್ಟೆ ಬಳಸಿ. ನಮ್ಮ ಬೇಸಿಗೆಯ ಧೂಳಿನಲ್ಲಿ ಸಣ್ಣ ಕಲ್ಲಿನ ಕಣಗಳಿರುತ್ತವೆ. ಊದದೆ ಒರೆಸಿದರೆ ಪ್ಲಾಸ್ಟಿಕ್ ಲೆನ್ಸಿನ ಮೇಲೆ ಗೀರು ಬೀಳುತ್ತದೆ.

ವೆಬ್‌ಕ್ಯಾಮಿನ ಮೈಕ್ ಬಗ್ಗೆ ಒಳ್ಳೆ ಮಾತು ಹೇಳಲಾರೆ. ಎರಡು ಅಡಿ ದೂರದಿಂದ ಅದು ನಿಮ್ಮ ದನಿಯ ಜೊತೆ ಫ್ಯಾನ್, ಕುಕ್ಕರ್ ಸೀಟಿ, ಖೋಲಿಯ ಗಂವಗುಟ್ಟುವಿಕೆ ಎಲ್ಲ ಹಿಡಿಯುತ್ತದೆ. ವೈರಿನ ಇಯರ್‌ಫೋನಿನ ಮೈಕ್ ಬಾಯಿಗೆ ಹತ್ತಿರ ಇರುವುದರಿಂದಲೇ ಅದಕ್ಕಿಂತ ಎಷ್ಟೋ ಮೇಲು. ಕೋರ್ಟಿನಲ್ಲಿ, ಸಂದರ್ಶನದಲ್ಲಿ ಮುಖ ಮಸುಕಾದರೆ ನಡೆದೀತು, ಮಾತು ಮಸುಕಾದರೆ ನಡೆಯದು.

ಸಂಗೀತ ಹೇಳಿಕೊಡುವವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಝೂಮ್‌ನಂಥ ಆ್ಯಪುಗಳು ಒಂದೇ ಸಮ ಕೇಳುವ ಶಬ್ದವನ್ನೆಲ್ಲ ಫ್ಯಾನಿನ ಸದ್ದು ಎಂದು ತಿಳಿದು ಅಳಿಸಿಹಾಕುತ್ತವೆ. ತಂಬೂರಿಯ ನಾದ ಒಂದೇ ಸಮ ತಾನೆ? ಶಿಷ್ಯನಿಗೆ ತಂಬೂರಿ ಕೇಳುವುದೇ ಇಲ್ಲ, ಗುರುಗಳ ದೀರ್ಘ ಷಡ್ಜವೂ ನಡುನಡುವೆ ಕರಗಿಹೋಗುತ್ತದೆ. ಝೂಮಿನ ಆಡಿಯೊ ಸೆಟ್ಟಿಂಗ್ಸಿನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್’ ಆರಿಸಿ, ಕರೆ ಶುರುವಾದ ಮೇಲೆ ಪರದೆಯ ಮೇಲಿನ ಅದೇ ಹೆಸರಿನ ಗುಂಡಿಯೂ ಆನ್ ಇದೆಯೇ ನೋಡಿ. ಆಗ ಹೆಡ್‌ಫೋನ್ ಹಾಕಲೇಬೇಕು, ಇಲ್ಲವಾದರೆ ಪ್ರತಿಧ್ವನಿ ಏಳುತ್ತದೆ. ಇಷ್ಟಾದರೂ ಗುರುಶಿಷ್ಯರು ಕೂಡಿ ಹಾಡಲು, ಆ ಕಡೆಯ ತಬಲಾ ಠೇಕಾಕ್ಕೆ ಈ ಕಡೆ ಹಾಡಲು ಆಗದು; ದನಿ ಹೋಗಿ ಬರುವಷ್ಟರಲ್ಲಿ ತಾಳದ ಸಮ ತಪ್ಪಿರುತ್ತದೆ. ಶಿಷ್ಯ ತನ್ನ ಕಡೆಯೇ ತಂಬೂರಿ, ತಬಲಾ ಹಚ್ಚಿಕೊಂಡು ಹಾಡಬೇಕು, ಗುರುಗಳು ಕೇಳಿ ತಿದ್ದಬೇಕು.

ಡೇಟಾ ಲೆಕ್ಕ ಹೀಗೆ: ಇಬ್ಬರ ಕರೆಗೆ 720 ಸಾಲಿನ ಚಿತ್ರವಾದರೆ ಹೋಗಲು 1.2 ಎಂಬಿಪಿಎಸ್, ಬರಲು ಅಷ್ಟೇ ಎಂದು ಝೂಮ್ ಹೇಳುತ್ತದೆ. ಒಂದು ತಾಸಿಗೆ ಎರಡೂ ಸೇರಿ 1 ಜಿಬಿಗಿಂತ ಸ್ವಲ್ಪ ಹೆಚ್ಚು. ದಿನಕ್ಕೆ 1.5 ಜಿಬಿಯ ಫೋನ್ ಹಾಟ್‌ಸ್ಪಾಟ್ ಒಂದೂವರೆ ತಾಸಿನೊಳಗೇ ಮುಗಿಯುತ್ತದೆ. ಹೆಸ್ಕಾಂ ಕರೆಂಟು ಹೋದಾಗ ಕಂಪ್ಯೂಟರಿಗೆ ಯುಪಿಎಸ್ ಇದ್ದು ವೈಫೈ ರೌಟರಿಗೆ ಇಲ್ಲದಿದ್ದರೂ ಕರೆ ಕಡಿದು ಬೀಳುತ್ತದೆ. ಅದರ ಅಡಾಪ್ಟರನ್ನೂ ಅದೇ ಯುಪಿಎಸ್‌ಗೆ ಹಚ್ಚಿ.

ಇನ್ನು ಹೆದರಿಕೆಯ ವಿಷಯ. ಕ್ಯಾಮೆರಾ ಅಂದರೆ ಮನೆಯೊಳಗೆ ಸದಾ ಇರುವ ಒಂದು ಕಣ್ಣು. ಅದರ ದೀಪ ಹೊತ್ತಿದಾಗ ಮಾತ್ರ ನೋಡುತ್ತಿರುತ್ತದೆ ಎಂದು ಪೂರ್ತಿ ನಂಬುವಂತಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ, 2008ಕ್ಕಿಂತ ಮೊದಲಿನ ಕೆಲವು ಆಪಲ್ ಲ್ಯಾಪ್‌ಟಾಪುಗಳಲ್ಲಿ ದೀಪ ಹೊತ್ತದಂತೆಯೇ ಕ್ಯಾಮೆರಾ ನಡೆಸಿ ತೋರಿಸಿದ್ದರು. ಹಾಗೆಂದು ಎಲ್ಲ ಕ್ಯಾಮೆರಾದಲ್ಲೂ ಅದು ಸಾಧ್ಯ ಎಂದಲ್ಲ. ನಮ್ಮ ಕಡೆ ಅಪಾಯ ಹೆಚ್ಚಾಗಿ ಬರುವುದು ಕಳ್ಳ ಸಾಫ್ಟ್‌ವೇರ್ ಜೊತೆ ಅಂಟಿಕೊಂಡು. ದುಡ್ಡು ಉಳಿಸಲೆಂದು ‘ಕ್ರ್ಯಾಕ್’ ಮಾಡಿದ್ದನ್ನು ಹಾಕಿಸಿಕೊಂಡರೆ ಅದರ ಜೊತೆ ಯಾರು ಒಳಗೆ ಬಂದರೆಂದು ತಿಳಿಯುವುದಿಲ್ಲ.

ಡೆಸ್ಕ್‌ಟಾಪಿನವರಿಗೆ ಉಪಾಯ ಭಾಳ ಸರಳ: ಕೆಲಸ ಮುಗಿದ ಕೂಡಲೇ ಯುಎಸ್‌ಬಿ ಕಿತ್ತಿಡಿ. ಲೆನ್ಸಿಗೆ ಕಾಗದ ಅಂಟಿಸಿದರೆ ಕಣ್ಣು ಮುಚ್ಚೀತು, ಕಿವಿ ತೆರೆದೇ ಇರುತ್ತದೆ. ಕಿತ್ತರೆ ಕ್ಯಾಮೆರಾ, ಅದರ ಮೈಕ್ ಎರಡೂ ಸುಮ್ಮನಾಗುತ್ತವೆ. ಲ್ಯಾಪ್‌ಟಾಪಿನವರು ದಪ್ಪನೆಯ ಸರಿಸುವ ಮುಚ್ಚಳ ಅಂಟಿಸಬೇಡಿ, ಮುಚ್ಚುವಾಗ ಪರದೆ ಸೀಳಬಹುದು. ತೆಳು ಕಾಗದದ ತುಂಡು ಸಾಕು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಕ್ಯಾಮೆರಾ ಎಂದು ಹೋದರೆ ಯಾವ ಆ್ಯಪ್ ಯಾವಾಗ ಕ್ಯಾಮೆರಾ ಬಳಸಿತು ಎಂಬ ಪಟ್ಟಿ ಸಿಗುತ್ತದೆ. ಬೇಡದ್ದನ್ನು ಅಲ್ಲೇ ಆಫ್ ಮಾಡಿ.

ಅದಕ್ಕಿಂತ ದೊಡ್ಡ ಅಪಾಯ, ನಾವೇ ಕೈಯಾರೆ ಎತ್ತುವ ಕರೆ. ಪೊಲೀಸ್, ಸಿಬಿಐ ಎಂದು ಹೇಳಿಕೊಂಡು “ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಬಂದ್ ಮಾಡಬೇಡಿ” ಎಂದು ತಾಸುಗಟ್ಟಲೆ ಕೂರಿಸುವವರು ಕಳ್ಳರು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಗುರುತಿಲ್ಲದವರ ವಿಡಿಯೊ ಕರೆ ಎತ್ತಿದ ಕ್ಷಣದಲ್ಲಿ ನಿಮ್ಮ ಮುಖ ರೆಕಾರ್ಡ್ ಮಾಡಿ, ಅಶ್ಲೀಲ ಚಿತ್ರದ ಜೊತೆ ಸೇರಿಸಿ ದುಡ್ಡು ಕೇಳುವವರೂ ಇದ್ದಾರೆ. ಒಂದು ಪೈಸೆ ಕೊಡದೆ ಕರೆ ಕತ್ತರಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ. ದುಡ್ಡು ಹೋಗಿಬಿಟ್ಟಿದ್ದರೆ ಎಷ್ಟು ಬೇಗ ಹೇಳುತ್ತೀರೋ ಅಷ್ಟು ಒಳ್ಳೆಯದು, ದಾರಿಯಲ್ಲೇ ತಡೆಯುವ ಅವಕಾಶ ಇರುತ್ತದೆ. ಮನೆಯ ಹಿರಿಯರಿಗೆ ಕ್ಯಾಮೆರಾ ಹಚ್ಚಿಕೊಡುವ ದಿನವೇ ಇದನ್ನೂ ಕೂರಿಸಿಕೊಂಡು ಹೇಳಿ.

ಅಂಗಡಿ ಕಾಯಲು ಸಿಸಿಟಿವಿ ಬದಲು ವೆಬ್‌ಕ್ಯಾಮ್ ಇಟ್ಟರೆ ಹೇಗೆ ಎಂದೂ ಕೇಳುತ್ತಾರೆ. ಬೇಡ. ಕತ್ತಲಲ್ಲಿ ಅದಕ್ಕೆ ಏನೂ ಕಾಣದು, ಕಂಪ್ಯೂಟರ್ ಇಡೀ ರಾತ್ರಿ ಓಡಬೇಕು, ವೈರು ಬಾಗಿಲವರೆಗೂ ಹೋಗದು.

ಇನ್ನೂ ಮನಸ್ಸು ಗಟ್ಟಿ ಆಗಿಲ್ಲದವರು ಒಂದು ತಿಂಗಳು ಫೋನನ್ನೇ ವೆಬ್‌ಕ್ಯಾಮ್ ಮಾಡಿಕೊಂಡು ನೋಡಿ. ಆಂಡ್ರಾಯ್ಡ್ 14 ಅಥವಾ ಆಮೇಲಿನ ಕೆಲವು ಫೋನುಗಳಲ್ಲಿ ಯುಎಸ್‌ಬಿ ವೈರು ಹಚ್ಚಿದಾಗ ‘ವೆಬ್‌ಕ್ಯಾಮ್’ ಎಂಬ ಆಯ್ಕೆ ಬರುತ್ತದೆ. ಬರದಿದ್ದರೆ ಡ್ರಾಯ್ಡ್‌ಕ್ಯಾಮ್, ಐರಿಯನ್‌ನಂಥ ಆ್ಯಪುಗಳಿವೆ. ಹಿಂದಿನ ಕ್ಯಾಮೆರಾ ನಿಮ್ಮ ಕಡೆ ಇರಲಿ, ಫೋನ್ ಅಡ್ಡ ಇರಲಿ, ಬಿಸಿ ಆಗದಂತೆ ಹಿಂದಿನ ಕವರ್ ತೆಗೆದಿಡಿ. ಕರೆಯ ನಡುವೆ ಇನ್ನೊಂದು ಫೋನ್ ಬಂದು ಕೆಲಸ ಕೆಡುವುದು ವಾರಕ್ಕೆ ಎಷ್ಟು ಸಲ, ಸ್ಟ್ಯಾಂಡಿಗೆ ಏರಿಸಿ ಇಳಿಸಿ ಬೇಸರವಾಗುವುದು ಎಷ್ಟು ಸಲ ಎಂದು ಲೆಕ್ಕ ಇಡಿ. ಒಂದೆರಡು ಸಲ ಆದರೆ ಫೋನಿನಲ್ಲೇ ಮುಂದುವರಿಸಿ. ದಿನಾ ಆಗುತ್ತಿದ್ದರೆ 720 ಸಾಲಿನದೊಂದು ತಗೊಂಡು ಮಾನಿಟರ್ ಮೇಲೆ ಕೂರಿಸಿ.