ಸೇಂಟ್ ಮೇರಿಸ್ ದ್ವೀಪದಲ್ಲಿ ಧ್ಯಾನಕೂಟ: ನೀರಿಳಿತ ನೋಡಿ ದಿನ ಗೊತ್ತುಮಾಡಿ

ಚರ್ಚ್‌ನ ಯುವಜನರನ್ನು ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಕರೆದೊಯ್ಯುವುದೆಂದು ತೀರ್ಮಾನವಾದ ಕೂಡಲೇ ಹಾಲ್, ಬಸ್ಸು, ಊಟ ಎಲ್ಲವೂ ನಿಗದಿಯಾಗುತ್ತವೆ. ಕಡಲ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ನೋಡುವವರು ಕಡಿಮೆ. ಉಬ್ಬರದ ಹೊತ್ತಿಗೆ ಹೋದರೆ ಬಂಡೆಗಳ ಬುಡದ ಜೀವಲೋಕವೆಲ್ಲ ನೀರಿನಡಿ ಮುಚ್ಚಿಹೋಗಿರುತ್ತದೆ, ಸೆಲ್ಫಿ ತೆಗೆದು ಮರಳುವುದಷ್ಟೇ ಉಳಿಯುತ್ತದೆ.

ದೋಣಿಗಳು ಸಾಮಾನ್ಯವಾಗಿ ಬೆಳಿಗ್ಗೆ 9ರ ಸುಮಾರಿಗೆ ಹೊರಡುತ್ತವೆ. ಹಾಗಾಗಿ ಇಳಿತ 11ರಿಂದ 12ರ ನಡುವೆ ಬರುವ ದಿನ ಬೇಕು. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಹೆಚ್ಚು ಇಳಿಯುವುದು ನಿಜ. ಆದರೆ ಈ ಕರಾವಳಿಯಲ್ಲಿ ಆ ದಿನಗಳ ಉಬ್ಬರ ಹೆಚ್ಚಾಗಿ ನಡುಹಗಲಿನ ಆಸುಪಾಸಿಗೇ ಬೀಳುತ್ತದೆ, ಇಳಿತ ನಸುಕಿಗೂ ಸಂಜೆಗೂ ಹೋಗುತ್ತದೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಷಷ್ಠಿ, ಸಪ್ತಮಿ ಆಸುಪಾಸಿನ ಶನಿವಾರ ಅನುಕೂಲ. ಆಗ ನೀರು ಅಷ್ಟೊಂದು ಇಳಿಯದಿದ್ದರೂ ನಮ್ಮ ಹೊತ್ತಿಗೆ ಇಳಿದಿರುತ್ತದೆ. ಇದು ಅಂದಾಜಿಗೆ ಮಾತ್ರ. ದಿನ ಖಚಿತಪಡಿಸುವ ಮೊದಲು ಉಬ್ಬರ-ಇಳಿತದ ಹೊತ್ತು ತಿಳಿಸುವ ಟೈಡ್ ಟೇಬಲ್ ನೋಡಲೇಬೇಕು. ಅಲೆಯ ಎತ್ತರಕ್ಕೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಮುನ್ಸೂಚನೆಯನ್ನು ಹಿಂದಿನ ಸಂಜೆ ಮತ್ತೆ ನೋಡಿ.

ದ್ವೀಪಕ್ಕೆ ಶನಿವಾರವೇ ಹೋಗಿ. ಭಾನುವಾರ ಪ್ರವಾಸಿಗರ ದಟ್ಟಣೆ, ಮೌನಕ್ಕೆ ಎಡೆಯಿಲ್ಲ. ಬಲಿಪೂಜೆಯನ್ನೂ ಅವಸರದಲ್ಲಿ ಮುಗಿಸಬೇಕಾಗುತ್ತದೆ. ಸೃಷ್ಟಿಯ ಕಾಲವೆಂದು ಆಚರಿಸುವ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಅವಧಿಗೆ ಇಟ್ಟುಕೊಳ್ಳುವ ಆಸೆ ಸಹಜ. ಆದರೆ ಮಳೆಗಾಲದಲ್ಲಿ ನಿಂತ ದೋಣಿಗಳು ಆಗಿನ್ನೂ ಶುರುವಾಗದೇ ಇರಬಹುದು. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳೇ ಭರವಸೆಯವು.

ಮೊದಲ ಒಂದು ಗಂಟೆ ದ್ವೀಪದ ಆರು ಮುಖದ ಕಲ್ಲುಕಂಬಗಳಿಗೆ ಮೀಸಲಿಡಿ. ಇದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಸಾಲ್ಟ್ ಎಂದು ಹೇಳುವ ರೂಢಿಯಿದ್ದರೂ ಕಲ್ಲು ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯದು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಅಂದರೆ ಸುಮಾರು 8.5ರಿಂದ 9 ಕೋಟಿ ವರ್ಷ ಹಿಂದಿನ ಲಾವಾ ಇದು. ಲಾವಾ ತಣಿಯುತ್ತಾ ಕುಗ್ಗಿದಾಗ ಮೈಯೆಲ್ಲ ಬಿರುಕು ಬಿಡುತ್ತದೆ. ಮೂರು ಬಿರುಕುಗಳು 120 ಡಿಗ್ರಿಯಲ್ಲಿ ಕೂಡಿದರೆ ಎಳೆತ ಎಲ್ಲ ಕಡೆ ಸಮನಾಗಿ ಇಳಿಯುತ್ತದೆ, ಅದರಿಂದ ಆರು ಮುಖ. ತಣಿವು ಒಳಗಿಳಿದಂತೆ ಬಿರುಕೂ ಇಳಿದು ಕಂಬವಾಗುತ್ತದೆ. ಇಷ್ಟನ್ನು ಉಪನ್ಯಾಸ ಮಾಡಬೇಡಿ. ಗುಂಪಿಗೊಂದು ಕೋನಮಾಪಕ, ಒಂದು ಟೇಪು ಕೊಟ್ಟು 20 ಕಂಬಗಳ ಮುಖ ಎಣಿಸಲು ಹೇಳಿ. ಐದು, ಏಳು ಮುಖದವೂ ಸಿಗುತ್ತವೆ. ತಣಿವು ಎಲ್ಲೆಡೆ ಒಂದೇ ಹದದಲ್ಲಿ ಆಗಲಿಲ್ಲವೆಂಬುದು ಅವರಿಗೇ ಹೊಳೆಯುತ್ತದೆ. ಕೋಟಿ ವರ್ಷದ ಲೆಕ್ಕ ಬಂದಾಗ ಆದಿಕಾಂಡದ ಆರು ದಿನಗಳ ಪ್ರಶ್ನೆ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅದನ್ನು ತಪ್ಪಿಸಬಾರದು. ಆ ಅಧ್ಯಾಯ ಸೃಷ್ಟಿಕರ್ತ ಯಾರು ಎಂದು ಹೇಳುತ್ತದೆ, ಕಲ್ಲಿನ ವಯಸ್ಸನ್ನಲ್ಲ ಎಂದು ಫಾದರ್ ಅಲ್ಲೇ ನಿಂತು ವಿವರಿಸಿದರೆ ಹಾಲ್ ಒಳಗಿನ ಪ್ರವಚನಕ್ಕಿಂತ ಹೆಚ್ಚು ನಾಟುತ್ತದೆ.

ನೀರು ಪೂರ್ತಿ ಇಳಿಯಲು ಮುಕ್ಕಾಲು ಗಂಟೆ ಇರುವಾಗಲೇ ಬಂಡೆಯ ಹೊಂಡಗಳ ಕಡೆ ಹೋಗಿ. ನೀರು ಏರತೊಡಗಿದ ಮೇಲೆ ಅಲ್ಲಿ ಯಾರೂ ಇರಬಾರದು. ಒಂದು ಹೊಂಡಕ್ಕೆ ಆರು ಜನ, ಹತ್ತು ನಿಮಿಷ ಮೌನ. ನೆರಳು ನೀರಿನ ಮೇಲೆ ಬೀಳದಂತೆ ಕುಳಿತರೆ ಅಡಗಿದ್ದ ಏಡಿ, ಪುಟ್ಟ ಮೀನು ತಾವೇ ಹೊರಬರುತ್ತವೆ. ಮೇಲಿನಿಂದ ಕೆಳಗೆ ಒಣಬಂಡೆಯ ಪುಟ್ಟ ಬಸವನಹುಳು, ನಡುವೆ ಬಂಡೆಗೆ ಅಂಟಿಕೊಂಡ ಚಿಪ್ಪುಜೀವಿ ಬಾರ್ನಕಲ್ ಮತ್ತು ಸಿಂಪಿ, ಸದಾ ಒದ್ದೆಯಿರುವಲ್ಲಿ ಹೂವಿನಂತೆ ಕಾಣುವ ಪ್ರಾಣಿ ಸೀ ಅನಿಮೋನಿ ಹೀಗೆ ಪಟ್ಟಿಪಟ್ಟಿಯಾಗಿ ಬದುಕು ಬದಲಾಗುವುದನ್ನು ಗುರುತಿಸಲು ಹೇಳಿ. ಒಣಗುವುದನ್ನು ಯಾರು ಎಷ್ಟು ತಾಳುತ್ತಾರೆಂಬುದರ ಮೇಲೆ ಆ ಪಟ್ಟಿಗಳು ನಿಂತಿವೆ. ಕಲ್ಲು ಎತ್ತಿದರೆ ಮೊದಲಿದ್ದಂತೆಯೇ ಮರಳಿ ಇಡಬೇಕು; ಇಲ್ಲವಾದರೆ ಅಡಿಭಾಗದ ಜೀವಿಗಳು ಬಿಸಿಲಿಗೆ ಸಾಯುತ್ತವೆ.

ಪಾಚಿ ಹಿಡಿದ ಕಲ್ಲಿನ ಮೇಲೆ ಜಾರುವುದು, ಸಿಂಪಿಯಂಚಿಗೆ ಕಾಲು ಸೀಳುವುದು, ಇವೆರಡೇ ಅಲ್ಲಿ ಪದೇಪದೇ ಆಗುವ ಗಾಯ. ರಬ್ಬರ್ ಚಪ್ಪಲಿ ಸಾಲದು, ಹಿಂಬದಿ ಪಟ್ಟಿಯಿರುವ ಸ್ಯಾಂಡಲ್ ಅಥವಾ ಹಳೆಯ ಕ್ಯಾನ್ವಾಸ್ ಶೂ ಬೇಕು. ಸಿಂಪಿ ಕೊಯ್ದ ಗಾಯದಲ್ಲಿ ಚೂರು ಉಳಿದರೆ ಕೀವಾಗುತ್ತದೆ, ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆದ ಮೇಲೆಯೇ ಪಟ್ಟಿ ಕಟ್ಟಿ. ತಲೆಗೆ ಎರಡು ಲೀಟರ್ ನೀರು, ಮರುಬಳಕೆಯ ಬಾಟಲಿಯಲ್ಲಿ. ಬಂಡೆಗಳ ಬಳಿ ಸೆಳೆತ ಬಲವಾಗಿದೆ. ಗುರುತು ಹಾಕಿದ ಜಾಗ ಬಿಟ್ಟು ಈಜಲು ಯಾರನ್ನೂ ಬಿಡಬೇಡಿ. ದೋಣಿ ಹತ್ತುವಾಗ, ಇಳಿದಾಗ, ಮರಳುವಾಗ ಒಬ್ಬರೇ ತಲೆ ಎಣಿಸಲಿ. ಇಬ್ಬರು ಎಣಿಸಿದರೆ ಇನ್ನೊಬ್ಬರು ಎಣಿಸಿದ್ದಾರೆಂದು ಇಬ್ಬರೂ ಬಿಟ್ಟುಬಿಡುತ್ತಾರೆ.

ಪ್ರಾರ್ಥನೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ. ಬಿಸಿಲೇರಿದಂತೆ ಕಡಲಗಾಳಿ ಜೋರಾಗಿ ಮಾತು ಕೇಳಿಸುವುದಿಲ್ಲ. ಹೊಂಡಗಳಿಂದ ಮೇಲೆ ಬಂದ ಕೂಡಲೇ, ಕಾಯಿ ಬೀಳುವ ತೆಂಗಿನ ಬುಡ ಬಿಟ್ಟು ಕುಳಿತು, 104ನೇ ಕೀರ್ತನೆಯ 24ರಿಂದ 26ನೇ ವಚನಗಳನ್ನು ಓದಿ. ವಿಶಾಲ ಸಮುದ್ರ, ಅದರಲ್ಲಿ ಸಂಚರಿಸುವ ಅಸಂಖ್ಯಾತ ಜೀವಿಗಳು, ಹಡಗುಗಳು ಎಲ್ಲವೂ ಅಲ್ಲಿವೆ. ಈಗಷ್ಟೇ ಕಂಡದ್ದನ್ನೇ ಓದುತ್ತಿರುವುದರಿಂದ ವಿವರಣೆ ಬೇಕಾಗುವುದಿಲ್ಲ.

ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ವಸತಿ ದಡದಲ್ಲೇ ಇರಲಿ, ಭಾನುವಾರದ ಬಲಿಪೂಜೆಗೆ ಕಲ್ಯಾಣಪುರದ ಮಿಲಾಗ್ರಿಸ್ ಹತ್ತಿರವಿದೆ. 2012ರಲ್ಲಿ ಉಡುಪಿ ಧರ್ಮಪ್ರಾಂತ ರಚನೆಯಾದಾಗ ಪ್ರಧಾನಾಲಯವಾದ ಚರ್ಚ್ ಅದು. ಬಳಿಕ ಸ್ವರ್ಣಾ ನದಿಯಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ನೋಡಲು ಒಂದು ಗಂಟೆ ಸಾಕು.

ಮರಳಿ ದೋಣಿ ಹತ್ತುವ ಮುನ್ನ ಎಲ್ಲರೂ ಜೇಬು ನೋಡಿಕೊಳ್ಳಲಿ. ಖಾಲಿ ಚಿಪ್ಪೇ ಸನ್ಯಾಸಿ ಏಡಿಯ ಮನೆ. ಬೆಳೆದಂತೆ ಅದಕ್ಕೆ ದೊಡ್ಡ ಚಿಪ್ಪು ಬೇಕು. ಚೆಂದ ಕಂಡು ಆರಿಸಿದ ಚಿಪ್ಪುಗಳನ್ನು ಅಲ್ಲೇ ಮರಳಿಗೆ ಹಾಕಿಸಿ.