ಗುದ್ದಲಿ ಪೂಜೆ ಒಂದು ಕಡೆ, ಮನೆ ಇನ್ನೊಂದು ಕಡೆ

ಎರಡು ವರ್ಷದ ಹಿಂದೆ ಅಕ್ಷಯ ತದಿಗೆಯಂದು ನಾವು ಗುದ್ದಲಿ ಪೂಜೆ ಮಾಡಿದ ಜಾಗದಲ್ಲಿ ಈಗ ಕಪ್ಪೆಗಳು ಸಂಸಾರ ಹೂಡಿವೆ. ಅಂದು ಹೋಳಿಗೆ ಉಂಡು ಹೋದ ನಂಟರು ಮದುವೆ, ತೊಟ್ಟಿಲ ಕಾರ್ಯಗಳಲ್ಲಿ ಸಿಕ್ಕಾಗಲೆಲ್ಲ “ಮನೆ ಎಲ್ಲಿಯವರೆಗೆ ಬಂತು?” ಎಂದು ಕೇಳುತ್ತಾರೆ. ಮೊದಮೊದಲು “ಬುನಾದಿ ನಡೆದಿದೆ” ಎಂದು ಜಾರಿಕೊಳ್ಳುತ್ತಿದ್ದೆ. ಈಗ ನಿಜವನ್ನೇ ಹೇಳುತ್ತೇನೆ: “ಬರುವುದಿರಲಿ, ರಸ್ತೆಯಿಂದ ಐದುನೂರು ಅಡಿ ಹಿಂದಕ್ಕೆ ಹೋಗಿದೆ.”

ಹೊಲ ಇರುವುದು ಕಲಬುರಗಿ–ಆಳಂದ ರಸ್ತೆಯಲ್ಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ದಾಟಿ ಒಳಗೆ ತಿರುಗಿದರೆ ಸಿಗುವ ಒಂದು ಹಳ್ಳಿಯ ಸೀಮೆಯಲ್ಲಿ. ಅಣ್ಣತಮ್ಮಂದಿರ ಪಾಲಾದ ಮೇಲೆ ನಮ್ಮವರಿಗೆ ಬಂದದ್ದು 3 ಎಕರೆ 20 ಗುಂಟೆ. ಉದ್ದನೆಯ ಪಟ್ಟಿ. ರಸ್ತೆಗೆ ಹತ್ತಿದ ಕೆಳಭಾಗ ಕಡುಗಪ್ಪು ಎರೆ ಮಣ್ಣು. ಅಲ್ಲಿಂದ ಮೆಲ್ಲಗೆ ಏರುತ್ತ ಹೋಗಿ ತುದಿಯಲ್ಲಿ ಮೂವತ್ತು ಗುಂಟೆಯಷ್ಟು ಮರಡಿ. ಮರಡಿಯೆಂದರೆ ಗರಸು (ಕಲ್ಲುಹರಳು ಬೆರೆತ ಗಟ್ಟಿ ಮಣ್ಣು), ಕರಿಗಲ್ಲು, ಬಳ್ಳಾರಿ ಜಾಲಿ, ಒಂದೇ ಒಂದು ಬೇವಿನ ಮರ, ಅದರ ಕೆಳಗೆ ಆಡು ಕಾಯುವ ಹುಡುಗರು ಬಿಸಾಡಿದ ಗುಟ್ಕಾ ಚೀಟಿಗಳು. ಇಪ್ಪತ್ತು ವರ್ಷಗಳಿಂದ ಹೊಲವನ್ನು ಪಾಲಿಗೆ ಮಾಡುತ್ತಿರುವುದು ಪಕ್ಕದ ಹೊಲದ ಕಾಕಾ. ಆ ಇಪ್ಪತ್ತು ವರ್ಷಗಳಲ್ಲಿ ನಾವು ಅಲ್ಲಿಗೆ ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಗೆ, ಚರಗ ಚೆಲ್ಲಿ ಬಜ್ಜಿ ರೊಟ್ಟಿ ಉಂಡು ಬರಲು.

ನಮ್ಮವರಿಗೆ ಮುಂದಿನ ವರ್ಷ ಬ್ಯಾಂಕಿನಿಂದ ನಿವೃತ್ತಿ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನಗಿನ್ನೂ ಹತ್ತು ವರ್ಷ ಸೇವೆ ಇದೆ. ಆದರೂ ಹೊಲದಲ್ಲಿ ಎರಡು ಕೋಣೆಯ, ಒಂದು ಪಡಸಾಲೆಯ ಮನೆ ಇರಲಿ ಎಂದು ಇಬ್ಬರಿಗೂ ಆಸೆ. ಹಿಡುವಳಿಯ ಶೇ 10ರ ಮಿತಿಯಲ್ಲಿ ರೈತನು ತೋಟದ ಮನೆ ಕಟ್ಟಿಕೊಳ್ಳಲು ಭೂಪರಿವರ್ತನೆ ಬೇಕಿಲ್ಲ ಎಂದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು ಹೇಳುತ್ತದೆ. 140 ಗುಂಟೆಗೆ 14 ಗುಂಟೆ ಆಯಿತು. ನಮಗೆ ಬೇಕಿದ್ದದ್ದು 900 ಚದರಡಿ, ಅಂದರೆ ಪೂರ್ತಿ ಒಂದು ಗುಂಟೆಯೂ ಅಲ್ಲ. ಹೊಲ ಅಳೆಸಿ ಗಡಿ ಗುರುತಿಸುವ ಹದ್ದುಬಸ್ತು ಮಾಡಿಸಿದೆವು. ಕೆಳಗಿನ ಬದು ನಾಲ್ಕಡಿ ನಮ್ಮ ಕಡೆಗೆ ಸರಿದಿತ್ತು. ಅದು ಎರಡು ಸಲ ಚಹಾ ಕುಡಿಯುವುದರೊಳಗೆ ಬಗೆಹರಿಯಿತು.

ಮನೆ ಎಲ್ಲಿ ಎಂಬುದು ಮಾತ್ರ ನಮಗೆ ಪ್ರಶ್ನೆಯೇ ಆಗಿರಲಿಲ್ಲ. ರಸ್ತೆ ಕೆಳಗಿದೆ, ಲೈಟಿನ ಕಂಬ ಕೆಳಗಿದೆ, ಬಾವಿ ಕೆಳಗಿದೆ, ಮನೆಯೂ ಕೆಳಗೆ. ಜಾಲಿ ಗೂಟ ಬಡಿದು ಸುಣ್ಣದ ಗೆರೆ ಎಳೆದೆವು. ಪೂಜೆಯ ದಿನ ಕಾಕಾ ಊಟ ಮುಗಿಸಿ, ಕೈ ತೊಳೆದು, ಗೆರೆಯ ಮೇಲೆ ನಿಂತು “ಅಕ್ಕೋರೆ, ಎಕರೆಗೆ ಐದು ಚೀಲ ತೊಗರಿ ಕೊಡುವ ನೆಲಕ್ಕೆ ಸಿಮೆಂಟ್ ಹಾಕುತ್ತೀರಾ?” ಎಂದರು. ಪಾಲು ಕಡಿಮೆಯಾಗುತ್ತದೆಂದು ಹೀಗನ್ನುತ್ತಾರೆ ಎಂದುಕೊಂಡೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಬುನಾದಿ ತೋಡಲು ಶುರುವಾಯಿತು. ನಾಲ್ಕಡಿ ಹೋದರೂ ಎರೆ, ಆರಡಿ ಹೋದರೂ ಎರೆ. ಏಳನೆಯ ಅಡಿಗೆ ಹಳದಿ ಮಣ್ಣು ಕಾಣುವ ಹೊತ್ತಿಗೆ ಗೌಂಡಿ ಪುಣೆಯ ಕೆಲಸಕ್ಕೆ ಹೊರಟುಹೋದ. ಅವನು ಬರುವ ಮೊದಲೇ ಮೃಗಶಿರಾ ಮಳೆ ಬಂತು. ಮೂರನೆಯ ದಿನ ಹೋಗಿ ನೋಡಿದರೆ ನೆಟ್ಟಗೆ ಕತ್ತರಿಸಿದ್ದ ಕಾಲುವೆಯ ಗೋಡೆಗಳು ಬೆಣ್ಣೆಯಂತೆ ಜಾರಿ ಒಳಗೆ ಕೂತಿದ್ದವು. ರಸ್ತೆಯಿಂದ ಅಲ್ಲಿಗೆ ಅರವತ್ತು ಹೆಜ್ಜೆ ಮಾತ್ರ. ಹತ್ತು ಹೆಜ್ಜೆಗೆ ಚಪ್ಪಲಿಗೆ ಎರೆ ಕಟ್ಟಿ ಒಂದೊಂದು ಕಾಲು ಎರಡು ಕಿಲೋ ಆಯಿತು. ಇಪ್ಪತ್ತನೆಯ ಹೆಜ್ಜೆಗೆ ಚಪ್ಪಲಿ ನೆಲದಲ್ಲೇ ಉಳಿಯಿತು, ಕಾಲು ಮಾತ್ರ ಮೇಲೆ ಬಂತು. ಆ ವರ್ಷ ಕೆಳಗಿನ ಪಟ್ಟಿಯಲ್ಲಿ ನೀರು ನಿಂತು ತೊಗರಿ ನೆಟೆ ರೋಗ ಹತ್ತಿ ಒಣಗಿತು. ಮನೆ ಕಟ್ಟಿದ್ದರೆ ಆ ನೀರು ನಮ್ಮ ಹೊಸ್ತಿಲಲ್ಲೇ ನಿಲ್ಲುತ್ತಿತ್ತು.

ಮರುವರ್ಷದ ಮೇ ತಿಂಗಳಲ್ಲಿ ಅದೇ ಜಾಗ ಬಾಯಿ ಬಿಟ್ಟಿತು. ಒಣಗಿದ ತೊಗರಿ ಕಟ್ಟಿಗೆಯೊಂದನ್ನು ಬಿರುಕಿನೊಳಗೆ ಇಳಿಸಿದೆ. ಮೂರಡಿ ಹೋದ ಮೇಲೂ ತಳ ತಾಗಲಿಲ್ಲ. ಕೈಬಿಟ್ಟೆ, ಕಟ್ಟಿಗೆ ಒಳಗೇ ಬಿತ್ತು.

ಇದೆಲ್ಲ ನಮಗೆ ಹೊಸದೇ ಎಂದರೆ ಅಲ್ಲ. ಕಲಬುರಗಿಯ ನಮ್ಮ ಮನೆ ಇರುವುದೂ ಎರೆ ನೆಲದ ಮೇಲೆಯೇ. ಮಲಗುವ ಕೋಣೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಇಳಿದಿದೆ. ಬೇಸಿಗೆಯಲ್ಲಿ ಅದರೊಳಗೆ ಒಂದು ರೂಪಾಯಿ ನಾಣ್ಯ ನಿಲ್ಲುತ್ತದೆ; ಆಗಸ್ಟ್‌ನಲ್ಲಿ ಪೋಸ್ಟ್‌ಕಾರ್ಡ್ ಕೂಡ ತೂರುವುದಿಲ್ಲ. ಹದಿನಾಲ್ಕು ವರ್ಷಗಳಿಂದ ಪ್ರತಿ ದೀಪಾವಳಿಗೆ ಪುಟ್ಟಿ ಹಚ್ಚಿ ಬಣ್ಣ ಬಳಿಸುತ್ತೇವೆ, ಪ್ರತಿ ಯುಗಾದಿಗೆ ಅದು ಮತ್ತೆ ತೆರೆದುಕೊಳ್ಳುತ್ತದೆ. ಆ ಗೋಡೆಗೆ ತಲೆ ಕೊಟ್ಟು ಮಲಗಿಯೇ ನಾವು ಇನ್ನೊಂದು ಎರೆ ನೆಲದಲ್ಲಿ ಕಟ್ಟುವ ಮನೆಯ ಕನಸು ಕಂಡೆವು.

ನಕ್ಷೆ ಬರೆಯುವ ಇಂಜಿನಿಯರ್ ನನ್ನ ಹಳೆಯ ವಿದ್ಯಾರ್ಥಿ. “ಮೇಡಂ, ಮಣ್ಣು ಎಷ್ಟು ಉಬ್ಬುತ್ತದೆ ಎಂಬುದನ್ನು ನಿಮ್ಮ ಪ್ರಯೋಗಾಲಯದಲ್ಲೇ ನೋಡಬಹುದು” ಎಂದು ವಿಧಾನ ಹೇಳಿಕೊಟ್ಟ. ಎರೆಯನ್ನೂ ಮರಡಿಯ ಗರಸನ್ನೂ ಒಣಗಿಸಿ, ಕುಟ್ಟಿ, ಸಣ್ಣ ಜರಡಿಯಲ್ಲಿ ಹಿಡಿದು ಹತ್ತು ಹತ್ತು ಗ್ರಾಂ ತೂಗಿದೆ. 100 ಮಿಲಿ ಲೀಟರಿನ ನಾಲ್ಕು ಅಳತೆ ಜಾಡಿಗಳು. ಎರಡರಲ್ಲಿ ನೀರು, ಎರಡರಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. (ಈಗ ಚಿಮಣಿ ಎಣ್ಣೆ ಹುಡುಕುವುದೇ ದೊಡ್ಡ ಪ್ರಯೋಗ. ಅತ್ತೆಯ ಕೋಣೆಯ ಮೂಲೆಯಲ್ಲಿ ಯಾವ ಕಾಲದ್ದೋ ಒಂದು ಬಾಟಲಿ ಇತ್ತು.) ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ, ಒಂದು ದಿನ ಬಿಟ್ಟು ಎರಡರ ವ್ಯತ್ಯಾಸ ನೋಡಬೇಕು. ಒಂಬತ್ತನೆಯ ತರಗತಿಯ ಮಕ್ಕಳು ಗಂಟೆಗೊಮ್ಮೆ ಇಣುಕಿ ಹೋಗುತ್ತಿದ್ದರು. ಮರುದಿನ ಎರೆ ಎಣ್ಣೆಯಲ್ಲಿ 11ರ ಗೆರೆಗೆ ಕೂತಿತ್ತು, ನೀರಿನಲ್ಲಿ 20ಕ್ಕೆ ಏರಿತ್ತು. ಶೇ 80 ದಾಟಿತು. ಗರಸು 10 ಇದ್ದದ್ದು 11 ಆಗಿತ್ತು, ಅಷ್ಟೇ. ಮುಂದಿನ ಬೆಂಚಿನ ಹುಡುಗಿಯೊಬ್ಬಳು “ಟೀಚರ್, ನಮ್ಮ ಮನೆಯ ಕೆಳಗಿರುವುದೂ ಇದೇ ಅಲ್ಲವೇ?” ಎಂದಳು. ಹೌದಮ್ಮ, ನಮ್ಮದರ ಕೆಳಗೂ ಅದೇ.

ಎರೆಯಲ್ಲಿ ಮನೆ ಕಟ್ಟಲೇಬಾರದು ಎಂದೇನಿಲ್ಲ. ಹನ್ನೆರಡು ಅಡಿ ಆಳಕ್ಕೆ ಕಾಂಕ್ರೀಟ್ ಕಂಬ ಇಳಿಸಿ, ಅದರ ತುದಿಯನ್ನು ಕಂಬದ ಎರಡೂವರೆ ಪಟ್ಟು ದಪ್ಪಕ್ಕೆ ಗಡಿಗೆಯಂತೆ ಉಬ್ಬಿಸುವ ಪದ್ಧತಿ ಇದೆ. ಹಸಿ ಒಣಗಿನ ಆಟ ಮುಟ್ಟದ ಆಳದಲ್ಲಿ ಆ ಗಡಿಗೆ ಹಿಡಿದು ಕೂರುತ್ತದೆ, ಮೇಲಿನ ನೆಲ ಎಷ್ಟೇ ಕುಣಿದರೂ ಮನೆ ಕದಲುವುದಿಲ್ಲ. ಇಲ್ಲವೇ ಎರೆಯನ್ನೆಲ್ಲ ತೆಗೆದು ಗರಸು ತುಂಬಬೇಕು. ಎರಡಕ್ಕೂ ಲೆಕ್ಕ ಹಾಕಿಸಿದೆವು. ನೆಲದೊಳಗೆ ಹೂಳುವ ಹಣದಲ್ಲಿ ನೆಲದ ಮೇಲೆ ಅರ್ಧ ಮನೆ ಏಳುತ್ತಿತ್ತು. ಅದೂ 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿ ಬೆಳೆಯುವ ಮಣ್ಣನ್ನು ಅಗೆದು ತೆಗೆದು, ಏನೂ ಬೆಳೆಯದ ಮಣ್ಣನ್ನು ದುಡ್ಡು ಕೊಟ್ಟು ತಂದು ತುಂಬಿ! ಆ ಏನೂ ಬೆಳೆಯದ ಮಣ್ಣು ನಮ್ಮದೇ ಹೊಲದ ತುದಿಯಲ್ಲಿ ಮೂವತ್ತು ಗುಂಟೆ ಬಿದ್ದಿತ್ತು.

ಮರಡಿ ಎಂದಾಗ ಅತ್ತೆ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಪೂಜೆ ಮಾಡಿದ ನೆಲ ಬಿಡುವುದೆಂದರೆ ಸುಲಭವೇ? ಅವರು ದಿಕ್ಕು ಕೇಳಿದರು. ಮರಡಿ ನೈಋತ್ಯಕ್ಕೆ, ಬಾವಿ ಈಶಾನ್ಯಕ್ಕೆ ಎಂದೆ. “ನೈಋತ್ಯ ಎತ್ತರ, ಈಶಾನ್ಯದಲ್ಲಿ ನೀರು. ಇದನ್ನು ಮೊದಲೇ ಯಾಕೆ ನೋಡಲಿಲ್ಲ?” ಎಂದು ನಮ್ಮನ್ನೇ ಗದರಿದರು. ಇಂಜಿನಿಯರೂ ವಾಸ್ತುವೂ ಒಂದೇ ಕಡೆ ಬೆರಳು ತೋರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಜಗಳವಾದದ್ದು ಗೋಡೆ ಮತ್ತು ಮಾಳಿಗೆಯ ವಿಷಯಕ್ಕೆ. ನಮ್ಮವರಿಗೆ ತಾವು ಹುಟ್ಟಿದ ಮನೆಯಂಥದ್ದೇ ಬೇಕು: ಎರಡಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಮೇ ತಿಂಗಳ ಬಿಸಿಲಿಗೆ ಅದರಷ್ಟು ತಂಪು ಬೇರೆ ಇಲ್ಲ, ಒಪ್ಪುತ್ತೇನೆ. ಆದರೆ ನನಗೆ 1993ರ ಸೆಪ್ಟೆಂಬರ್ 30 ನೆನಪಿದೆ. ನಾನಾಗ ಪಿಯುಸಿ ಮೊದಲ ವರ್ಷ, ಆಳಂದದ ತವರುಮನೆಯಲ್ಲಿದ್ದೆ. ಗಣಪತಿ ಕಳಿಸಿ ಬಂದು ಮಲಗಿದ್ದೆವು. ನಾಲ್ಕು ಗಂಟೆಗೆ ಇನ್ನೂ ನಾಲ್ಕು ನಿಮಿಷ ಇರುವಾಗ ಅಡುಗೆಮನೆಯ ಮಾಡದಲ್ಲಿದ್ದ ತಾಮ್ರದ ಚೊಂಬುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಬೆಕ್ಕು ಎಂದುಕೊಂಡು ಅವ್ವ “ಹಚ್” ಎಂದಳು. ಆಮೇಲೆ ತೊಲೆಗಳಿಂದ ಮಣ್ಣು ಉದುರತೊಡಗಿತು. ಬೆಳಗಾದ ಮೇಲೆ ಗಡಿಯಾಚೆಯ ಕಿಲ್ಲಾರಿಯ ಸುದ್ದಿ ಬಂತು. ಅಲ್ಲಿ ಸಾವಿರಾರು ಜನರನ್ನು ಕೊಂದದ್ದು ಇಂಥವೇ ಮನೆಗಳು. ಮಣ್ಣಿನಲ್ಲಿ ಕೂರಿಸಿದ ದುಂಡುಗಲ್ಲಿನ ಗೋಡೆ, ತಲೆಯ ಮೇಲೆ ಅಡಿಗಟ್ಟಲೆ ಮಣ್ಣಿನ ಭಾರ. 2021ರಲ್ಲಿ ಚಿಂಚೋಳಿ ಕಡೆಯ ಗಡಿಕೇಶ್ವಾರದಲ್ಲಿ ನೆಲ ಗುಡುಗಿ ಜನ ಹೊರಗೆ ಮಲಗಿದಾಗಲೂ ನನಗೆ ಆ ಚೊಂಬುಗಳ ಸದ್ದೇ ಕೇಳಿಸಿತು.

ಎರಡು ವಾರ ಮಾತು ಬಿಟ್ಟ ಮೇಲೆ ರಾಜಿಯಾಯಿತು. ಗೋಡೆ ಕಲ್ಲಿನದೇ, ಆದರೆ ಸಿಮೆಂಟಿನಲ್ಲಿ ಕೂರಿಸಿದ್ದು, ಅಲ್ಲಲ್ಲಿ ಗೋಡೆಯ ಎರಡೂ ಮೈ ಹಿಡಿಯುವ ಉದ್ದಗಲ್ಲು, ಬಾಗಿಲ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿ. ಮೇಲೆ ಮಣ್ಣಿಲ್ಲ. ನೆಲಕ್ಕೆ ಶಹಾಬಾದ್ ಪರಸಿ. ಬೆಳಕಿಂಡಿ ಮಾತ್ರ ನಮ್ಮವರಿಗೆ ಬಿಟ್ಟುಕೊಟ್ಟೆ.

ಮರಡಿಗೂ ಅದರದೇ ತಾಪತ್ರಯಗಳಿವೆ. ಬಳ್ಳಾರಿ ಜಾಲಿಯನ್ನು ಕಡಿದರೆ ಆಗುವುದಿಲ್ಲ, ಮಳೆ ಬಿದ್ದ ಕೂಡಲೇ ಒಂದಕ್ಕೆ ಹತ್ತಾಗಿ ಚಿಗುರುತ್ತದೆ. ಜೆಸಿಬಿ ತರಿಸಿ ಬುಡಸಮೇತ ಕೀಳಿಸಿದೆವು. ಆದರೂ ಈ ಮಳೆಗಾಲ ತಿಂಗಳಿಗೊಮ್ಮೆ ಗುದ್ದಲಿ ಹಿಡಿದು ಮೊಳಕೆ ಹುಡುಕುವುದು ತಪ್ಪಲಿಲ್ಲ. ರಸ್ತೆಯಿಂದ ಮರಡಿಗೆ ಎರೆಯ ನಡುವೆ ಐದುನೂರು ಅಡಿ ದಾರಿ ಆಗಬೇಕು. ಹತ್ತಡಿ ಅಗಲ, ಒಂದಡಿ ದಪ್ಪ ಎಂದರೂ ಐದು ಸಾವಿರ ಘನಅಡಿ ಗರಸು. ಮನೆಯ ಜಾಗ ಸಮ ಮಾಡುವಾಗ ತೆಗೆದದ್ದನ್ನೇ ಹಾಕಿ ಅರ್ಧ ದಾರಿ ಮುಗಿಸಿದ್ದೇವೆ. ಮಿಕ್ಕರ್ಧ ಮಳೆಗಾಲದಲ್ಲಿ ಮತ್ತೆ ಚಪ್ಪಲಿ ಬೇಡುತ್ತದೆ. ಕಂಬ ಹೆಚ್ಚು ಬೇಕು, ಬಾವಿಯಿಂದ ಪೈಪು ಬೇಕು. ಇವೆಲ್ಲ ಹಣದ ಮಾತು, ಬಿಡಿ.

ಹಳೆಯ ಜಾಗವನ್ನು ಏನು ಮಾಡುವುದು ಎಂಬುದಕ್ಕೆ ಉತ್ತರ ಕೊಟ್ಟದ್ದೂ ಕಾಕಾ. “ನೀರು ತಾನಾಗಿ ಬಂದು ನಿಲ್ಲುವ ಕಡೆ ಹೊಂಡ ಮಾಡಿರಿ.” ಕುಸಿದ ಬುನಾದಿಯನ್ನೇ ಅಗಲ ಮಾಡಿಸಿ ಕೃಷಿ ಹೊಂಡ ತೆಗೆಸಿದೆವು. ಮೇಲಿನ ಒಡ್ಡುಗಳಿಂದ ನೀರು ಇಳಿದು ಬರಲು ಕೋಡಿಗೆ ಕಲ್ಲು ಕೂರಿಸಿದ್ದೇವೆ. ಎರೆ ನೆಲಕ್ಕೆ ಪ್ಲಾಸ್ಟಿಕ್ ಹಾಸು ಬೇಡ. ಹಸಿಯಾದಾಗ ಉಬ್ಬಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಗೋಡೆ ಒಡೆಯಬೇಕಿದ್ದ ಗುಣವೇ ಈಗ ನೀರು ಹಿಡಿದಿದೆ. ಮನೆಯ ಸುತ್ತ ನೆರಳಿರಲಿ ಎಂದು ಪೂಜೆಯ ವರ್ಷವೇ ನೆಟ್ಟ ಹನ್ನೆರಡು ಮಾವಿನ ಸಸಿಗಳು ಮಾತ್ರ ತೊಗರಿಯ ನಡುವೆ ಚೌಕಾಕಾರದಲ್ಲಿ ನಿಂತು ಇಲ್ಲದ ಮನೆಯನ್ನು ಕಾಯುತ್ತಿವೆ. ಟ್ರ್ಯಾಕ್ಟರ್ ತಿರುಗಿಸಲು ಆಗುವುದಿಲ್ಲವೆಂದು ಕಾಕಾ ಗೊಣಗುತ್ತಾರೆ. ಕೀಳಲು ಮನಸ್ಸಿಲ್ಲ.

ಈ ಸಲದ ಎಳ್ಳಮಾವಾಸ್ಯೆಗೆ ಅತ್ತೆಯನ್ನೂ ಮರಡಿಗೆ ಕರೆದುಕೊಂಡು ಹೋದೆವು. ಎಂಬತ್ತೆರಡು ವರ್ಷ, ಕೆಳಗಿನಿಂದ ಕಾಕಾನ ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ಕುರ್ಚಿ ಹಾಕಿಕೊಂಡು ಬಂದರು. ಊಟವಾದ ಮೇಲೆ ಚಹಾಕ್ಕೆಂದು ನಾನು ಮರಡಿಯ ನೆತ್ತಿಯಲ್ಲಿ, ಅಡುಗೆಮನೆ ಬರಬೇಕಾದ ಗೂಟಗಳ ನಡುವೆ ಮೂರು ಕಲ್ಲು ಹೂಡಿದೆ. ಗಾಳಿಗೆ ಒಲೆ ಎರಡು ಸಲ ಆರಿತು. ಅತ್ತೆ ಕುರ್ಚಿಯಿಂದ ಎದ್ದು, ಕೋಲೂರಿ, ಸೀರೆಯ ಸೆರಗು ಯಾವ ಕಡೆ ಹಾರುತ್ತದೆ ಎಂದು ನೋಡುತ್ತ ಬೇವಿನ ಮರ ಸುತ್ತಿ ಬಂದು, ಒಂದು ದೊಡ್ಡ ಕರಿಗಲ್ಲಿನ ಮರೆಯಲ್ಲಿ ನಿಂತರು. “ಇಲ್ಲಿ ಹೂಡು.” ಒಂದೇ ಕಡ್ಡಿಗೆ ಹೊತ್ತಿಕೊಂಡಿತು. ಹೊಗೆ ನೆಟ್ಟಗೆ ಮೇಲೆ ಹೋಯಿತು.

ಇಂಜಿನಿಯರ್ ಕೊಟ್ಟ ನಕ್ಷೆಯಲ್ಲಿ ಆ ಜಾಗಕ್ಕೆ ಬಚ್ಚಲು ಬರುತ್ತದೆ. ನಕ್ಷೆ ವಾಪಸ್ ಹೋಗಿದೆ. ಚಹಾ ಕುಡಿಯುತ್ತ ಅತ್ತೆ ಇನ್ನೊಂದು ಮಾತು ಹೇಳಿದರು: “ಇದು ಚಳಿಗಾಲದ ಗಾಳಿ. ಆಷಾಢದ್ದು ಆ ಕಡೆಯಿಂದ ಬರುತ್ತದೆ. ಆಗ ಬಂದು ಇನ್ನೊಮ್ಮೆ ಒಲೆ ಹೂಡಿ ನೋಡು.” ನಮ್ಮವರು ಏನೂ ಮಾತನಾಡದೆ ಎದ್ದು ಎಂಟೂ ಗೂಟಗಳನ್ನು ಕಿತ್ತು ತಂದರು. ಆಷಾಢದವರೆಗೆ ಅವು ಕಾರಿನ ಡಿಕ್ಕಿಯಲ್ಲಿರುತ್ತವೆ.