ಮಗುವಿನ ಮೂತ್ರದ ಕಲ್ಚರ್: ‘ಇಎಸ್‌ಬಿಎಲ್ ಪಾಸಿಟಿವ್’ ಅಂದರೆ ಏನು?

ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದೇ ಕಲ್ಚರ್. ಇಎಸ್‌ಬಿಎಲ್ ಅಂದರೆ ಸೆಫ್‌ಟ್ರಯಾಕ್ಸೋನ್‌ನಂಥ ಆಂಟಿಬಯಾಟಿಕ್‌ಗಳನ್ನು ಒಡೆಯಲು ಇ. ಕೊಲೈ ಥರದ ಬ್ಯಾಕ್ಟೀರಿಯಾ ತಯಾರಿಸುವ ಕಿಣ್ವ. ಜ್ವರ ಬಂದ ಹಸುಗೂಸಿನ ರಿಪೋರ್ಟ್‌ನಲ್ಲಿ ‘ಇ. ಕೊಲೈ, ಇಎಸ್‌ಬಿಎಲ್ ಪಾಸಿಟಿವ್’ ಎಂದು ಬಂದಾಗ ಮೊದಲು ಕೇಳಬೇಕಾದದ್ದು ಮೂತ್ರ ಹಿಡಿದದ್ದು ಹೇಗೆ ಅಂತ. ಅಂಟಿಸುವ ಚೀಲದಲ್ಲಿ ಹಿಡಿದಿದ್ದರೆ ಮಲದ ಬ್ಯಾಕ್ಟೀರಿಯಾ ಸೇರಿರುವ ಸಾಧ್ಯತೆ ಹೆಚ್ಚು. ಆರೋಗ್ಯವಂತ ಮಕ್ಕಳ ಕರುಳಲ್ಲೂ ಇಎಸ್‌ಬಿಎಲ್ ಇ. ಕೊಲೈ ಇರಬಹುದು. ಹಾಗಾಗಿ ಚೀಲದ ಕಲ್ಚರ್ ನೆಗೆಟಿವ್ ಬಂದರಷ್ಟೇ ನಂಬಿಕೆಗೆ ಅರ್ಹ. ಪಾಸಿಟಿವ್ ಬಂದರೆ ಕ್ಯಾಥೆಟರ್ (ಮೂತ್ರನಾಳದೊಳಗೆ ತೂರಿಸುವ ತೆಳು ಕೊಳವೆ) ಹಾಕಿ ತೆಗೆದ ಮೂತ್ರ ಬೇಕು. ಅದು ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು, ತಡವಾದರೆ 4 ಡಿಗ್ರಿ ಫ್ರಿಜ್‌ನಲ್ಲಿಡಬೇಕು.

ನಮ್ಮ ದೇಶದಲ್ಲಿ ಇದರ ಹಿಂದೆ ಸಾಮಾನ್ಯವಾಗಿ ಇರುವುದು ಸಿಟಿಎಕ್ಸ್-ಎಂ-15 ಎಂಬ ಜೀನ್. ಭಾರತದ ಬ್ಯಾಕ್ಟೀರಿಯಾಗಳಲ್ಲಿ ಇದು ಸಿಕ್ಕಿದ ಮೊದಲ ವರದಿ ಬಂದದ್ದು 2001ರಲ್ಲಿ. ಸೆಫ್‌ಟ್ರಯಾಕ್ಸೋನ್, ಸೆಫೊಟ್ಯಾಕ್ಸಿಮ್‌ಗಳ ಬೀಟಾ-ಲ್ಯಾಕ್ಟಮ್ ಉಂಗುರವನ್ನು (ಔಷಧದ ಕೆಲಸ ನಿಂತಿರುವ ಭಾಗ) ಒಡೆಯುವ ಕಿಣ್ವವನ್ನು ಇದು ತಯಾರಿಸುತ್ತದೆ. ಜೀನ್ ಕೂತಿರುವುದು ಹೆಚ್ಚಾಗಿ ಪ್ಲಾಸ್ಮಿಡ್ ಮೇಲೆ, ಅಂದರೆ ಬ್ಯಾಕ್ಟೀರಿಯಾದೊಳಗಿನ ಪ್ರತ್ಯೇಕ ಡಿಎನ್‌ಎ ಉಂಗುರದ ಮೇಲೆ. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವಾಗ ಇತರ ಔಷಧಗಳ ನಿರೋಧಕ ಜೀನ್‌ಗಳನ್ನೂ ಕರೆದುಕೊಂಡೇ ಹೋಗುತ್ತದೆ. ಸೆಫ್‌ಟ್ರಯಾಕ್ಸೋನ್‌ಗೆ ಬಗ್ಗದ್ದು ಸಿಪ್ರೊಫ್ಲಾಕ್ಸಸಿನ್‌ಗೂ ಬಗ್ಗದಿರುವುದು ಇದರಿಂದಲೇ ಎಷ್ಟೋ ಸಲ.

ಲ್ಯಾಬ್‌ನಲ್ಲಿ ಪರೀಕ್ಷೆ ಸರಳ. ಬ್ಯಾಕ್ಟೀರಿಯಾ ಕದಡಿದ ದ್ರಾವಣವನ್ನು 0.5 ಮ್ಯಾಕ್‌ಫರ್ಲೆಂಡ್ (ಮಬ್ಬಿನ ಅಳತೆ) ಮಟ್ಟಕ್ಕೆ ತಂದು, ಬ್ಯಾಕ್ಟೀರಿಯಾ ಬೆಳೆಯುವ ಮುಲ್ಲರ್-ಹಿಂಟನ್ ಅಗಾರ್ ಮೇಲೆ ಸವರಿ, 30 ಮೈಕ್ರೊಗ್ರಾಂ ಸೆಫ್‌ಟಾಜಿಡಿಮ್ ಡಿಸ್ಕ್ ಒಂದು ಕಡೆ, ಅದೇ ಔಷಧಕ್ಕೆ ಇಎಸ್‌ಬಿಎಲ್ ಕಿಣ್ವವನ್ನು ತಡೆಯುವ ಕ್ಲಾವುಲಾನಿಕ್ ಆಮ್ಲ 10 ಮೈಕ್ರೊಗ್ರಾಂ ಸೇರಿಸಿದ ಡಿಸ್ಕ್ ಇನ್ನೊಂದು ಕಡೆ ಇಡುತ್ತಾರೆ. ಸೆಫೊಟ್ಯಾಕ್ಸಿಮ್‌ನದೂ ಹೀಗೇ ಒಂದು ಜೋಡಿ. ಇದನ್ನು ಬಿಡುವಂತಿಲ್ಲ, ಸಿಟಿಎಕ್ಸ್-ಎಂ ಕಿಣ್ವಗಳಲ್ಲಿ ಹಲವು ಇದರಲ್ಲೇ ಚೆನ್ನಾಗಿ ಕಾಣುವುದು. 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಇಟ್ಟು, ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಅಳೆಯಬೇಕು. ಯಾವುದಾದರೂ ಒಂದು ಜೋಡಿಯಲ್ಲಿ ಕ್ಲಾವುಲಾನಿಕ್ ಆಮ್ಲ ಇರುವ ಡಿಸ್ಕ್‌ನ ವಲಯ 5 ಮಿಲಿಮೀಟರ್ ಅಥವಾ ಹೆಚ್ಚು ಅಗಲವಾಗಿದ್ದರೆ ಇಎಸ್‌ಬಿಎಲ್.

ಎಡವಟ್ಟಾಗುವುದು ಬ್ಯಾಕ್ಟೀರಿಯಾದಲ್ಲಿ ಇಎಸ್‌ಬಿಎಲ್ ಜೊತೆ ಔಷಧ ಒಡೆಯುವ ಇನ್ನೊಂದು ಕಿಣ್ವ, ಆಂಪ್-ಸಿ ಅಥವಾ ಎನ್‌ಡಿಎಂ, ಇದ್ದಾಗ. ಕ್ಲಾವುಲಾನಿಕ್ ಆಮ್ಲ ಆಂಪ್-ಸಿಯನ್ನೂ ತಡೆಯಲಾರದು, ಎನ್‌ಡಿಎಂ ಅನ್ನೂ ತಡೆಯಲಾರದು. ಆಗ ಎರಡೂ ಡಿಸ್ಕ್‌ಗಳ ವಲಯ ಕಿರಿದಾಗೇ ಉಳಿದು, ಜೀನ್ ಇದ್ದರೂ ರಿಪೋರ್ಟ್ ‘ನೆಗೆಟಿವ್’. ಆಂಪ್-ಸಿಯ ಸುಳಿವಿಗೆ ಸೆಫಾಕ್ಸಿಟಿನ್, ಎನ್‌ಡಿಎಂ ಸುಳಿವಿಗೆ ಮೆರೊಪೆನೆಮ್ ಡಿಸ್ಕ್‌ಗಳನ್ನು ಪಕ್ಕದಲ್ಲಿ ನೋಡದೆ ಆ ನೆಗೆಟಿವ್ ಅನ್ನು ಒಪ್ಪಬಾರದು.

ಔಷಧದ ವಿಚಾರ ವೈದ್ಯರದು. ಒಂದು ಮಾತು ಮಾತ್ರ: ನೈಟ್ರೊಫ್ಯುರಾಂಟೊಯಿನ್‌ಗೆ ‘ಎಸ್’ (ಔಷಧಕ್ಕೆ ಬಗ್ಗುತ್ತದೆ) ಎಂದಿದ್ದರೂ, ಜ್ವರವಿರುವ ಮಗುವಿಗೆ ಅದು ಸಾಲದು. ಮೂತ್ರದಲ್ಲಿ ಸಾಕಷ್ಟು ಸೇರುವ ಆ ಔಷಧ ಮೂತ್ರಪಿಂಡದ ಅಂಗಾಂಶದಲ್ಲಿ, ರಕ್ತದಲ್ಲಿ ಬೇಕಾದಷ್ಟು ಸೇರುವುದಿಲ್ಲ.